ಡ್ರಮ್ಸ್ ಬಿಟ್ಟುಹೋಗಿದೆ ಅಂದುಕೊಂಡಿದ್ದೆ

ನಿಮಗೆ ಹದಿನೇಳು ವಯಸ್ಸು, ಇಂಗ್ಲೆಂಡಿನ ಜಾಯ್ ಡಿವಿಷನ್ ಬ್ಯಾಂಡ್ ಕೇಳಿ ಪೋಸ್ಟ್-ಪಂಕ್ (ಎಪ್ಪತ್ತರ ದಶಕದ ಕೊನೆಗೆ ಪಂಕ್ ರಾಕ್ ಬೆನ್ನಿಗೇ ಬಂದ ಸಂಗೀತ) ಹುಚ್ಚು ಹತ್ತಿದೆ, ಬೇರೆಯವರಿಗೆ ಈ ವಯಸ್ಸಲ್ಲಿ ತಮ್ಮ ಬ್ಯಾಂಡ್ ಹೇಗೆ ಸಿಕ್ಕಿತು ಅಂತ ಕೇಳಿದ್ದೀರಿ. ನನ್ನದು ಯಂಗ್ ಮಾರ್ಬಲ್ ಜೈಂಟ್ಸ್. ವೇಲ್ಸ್‌ನ ಕಾರ್ಡಿಫ್ ನಗರದ ಮೂರು ಜನರ ಬ್ಯಾಂಡ್. 1978ರಲ್ಲಿ ಶುರುವಾಗಿ, 1981ರ ಹೊತ್ತಿಗೆ ಮುಗಿದೇ ಹೋಗಿತ್ತು. ಆ ಕಾಲದಲ್ಲಿ ಮಾಡಿದ್ದು ಒಂದೇ ಪೂರ್ತಿ ಆಲ್ಬಮ್. ನಾನು ಅವರನ್ನು ಹುಡುಕಿಕೊಂಡು ಹೋಗಿರಲಿಲ್ಲ. ಇನ್ನೊಂದು ಬ್ಯಾಂಡಿನ ಸಿಡಿ ಒಳಗಿದ್ದ ಸಣ್ಣ ಅಕ್ಷರಗಳಲ್ಲಿ ಸಿಕ್ಕಿದರು.

ಆಗ ನನಗೆ ಹದಿನಾರು. ನಿರ್ವಾಣ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. ಜೋರಾಗಿ ಹೇಳಿದ್ದೇ ನಿಜ, ಮೆಲ್ಲಗೆ ಹೇಳಿದರೆ ಅದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅಂತ ನಂಬಿದ್ದ ವಯಸ್ಸು. ಅಕ್ಕನ ಹತ್ತಿರ ಹೋಲ್ ಬ್ಯಾಂಡಿನ 'ಲಿವ್ ಥ್ರೂ ದಿಸ್' ಸಿಡಿ ಇತ್ತು. ಹಾಡುಗಾರ್ತಿ ಕರ್ಟ್ನಿ ಲವ್‌ಳ ಬ್ಯಾಂಡ್ ಅದು. ಅವಳ ಗಂಡ, ನಿರ್ವಾಣದ ಹಾಡುಗಾರ ಕರ್ಟ್ ಕೊಬೈನ್ ತೀರಿಕೊಂಡ ಒಂದೇ ವಾರಕ್ಕೆ, 1994ರ ಏಪ್ರಿಲ್‌ನಲ್ಲಿ ಬಂದ ಆಲ್ಬಮ್. ಅದರಲ್ಲಿ 'ಕ್ರೆಡಿಟ್ ಇನ್ ದ ಸ್ಟ್ರೇಟ್ ವರ್ಲ್ಡ್' ಅನ್ನೋ ಹಾಡು ನನಗೆ ತುಂಬಾ ಇಷ್ಟ. ಗಂಟಲು ಹರಿದುಹೋಗುತ್ತೇನೋ ಅನ್ನೋ ಹಾಗೆ ಹಾಡಿದ್ದಾಳೆ. ಸಿಡಿ ಜೊತೆಗಿದ್ದ ಪುಟ್ಟ ಪುಸ್ತಕವನ್ನು ಸಾಲು ಬಿಡದೆ ಓದುವ ಅಭ್ಯಾಸ ಇತ್ತು ನನಗೆ. ಆ ಹಾಡು ಬರೆದವರ ಜಾಗದಲ್ಲಿ ಗುರುತೇ ಇಲ್ಲದ ಹೆಸರು. ಸ್ಟುವರ್ಟ್ ಮಾಕ್ಸಮ್.

ಯಾರಿವನು? ಅಕ್ಕನಿಗೂ ಗೊತ್ತಿರಲಿಲ್ಲ. ಸ್ವಲ್ಪ ದಿನ ಅದು ಹಾಗೇ ಉಳಿಯಿತು. ಆಮೇಲೆ ಕೊಬೈನ್ ಡೈರಿಗಳ ಬಗ್ಗೆ ಓದುವಾಗ ಎಳೆ ಸಿಕ್ಕಿತು. ಆ ಡೈರಿಗಳು 2002ರಲ್ಲಿ ಪುಸ್ತಕವಾಗಿ ಬಂದಿವೆ. ತನಗೆ ಇಷ್ಟವಾದ 50 ಆಲ್ಬಮ್‌ಗಳನ್ನು ಕೊಬೈನ್ ಅದರಲ್ಲಿ ಕೈಯಾರೆ ಪಟ್ಟಿ ಮಾಡಿದ್ದ. ಪಟ್ಟಿಯಲ್ಲಿ ಯಂಗ್ ಮಾರ್ಬಲ್ ಜೈಂಟ್ಸ್‌ನ 'ಕಲೋಸಲ್ ಯೂತ್' ಇತ್ತು. ಆ ಬ್ಯಾಂಡಿನ ಹಾಡುಗಳನ್ನು ಬರೆಯುತ್ತಿದ್ದವನೇ ಈ ಮಾಕ್ಸಮ್. ಹೋಲ್ ಹಾಡಿದ್ದು ಮೂಲದಲ್ಲಿ ಅವರದೇ ಹಾಡು. ಗಂಡ ಹೆಂಡತಿ ಇಬ್ಬರೂ ಒಂದೇ ಬ್ಯಾಂಡನ್ನು ಇಷ್ಟಪಟ್ಟಿದ್ದಾರೆ ಅಂದಮೇಲೆ ಅದು ಎಷ್ಟು ಜೋರಾಗಿರಬೇಡ ಅಂತ ಲೆಕ್ಕ ಹಾಕಿದೆ.

ಆಗೆಲ್ಲ ಒಂದು ಹಾಡು ಡೌನ್‌ಲೋಡ್ ಆಗೋಕೆ ಅರ್ಧ ಗಂಟೆ ಕಾಯಬೇಕಿತ್ತು. ಇಂಟರ್ನೆಟ್ ಫೋನ್ ಲೈನಿನಲ್ಲೇ ಬರುತ್ತಿತ್ತು, ಮಧ್ಯೆ ಫೋನ್ ಬಂದರೆ ಮತ್ತೆ ಮೊದಲಿಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿಟ್ಟು ಕೂತೆ. ಇಳಿದ ತಕ್ಷಣ ಹೆಡ್‌ಫೋನ್ ಹಾಕಿ, ಹೋಲ್‌ಗೆ ಇಡುತ್ತಿದ್ದಷ್ಟೇ ವಾಲ್ಯೂಮ್ ಇಟ್ಟು ಪ್ಲೇ ಒತ್ತಿದೆ.

ಫೈಲ್ ಕೆಟ್ಟಿದೆ ಅನ್ನಿಸಿತು. ನಿಜವಾಗಲೂ. ಗಿಟಾರ್ ಇದೆ, ಬಾಸ್ ಇದೆ, ಒಂದು ಹುಡುಗಿಯ ದನಿ ಇದೆ. ಡ್ರಮ್ಸ್ ಎಲ್ಲಿ? ಅಬ್ಬರ ಎಲ್ಲಿ? ರೆಕಾರ್ಡಿಂಗ್‌ನ ಒಂದಿಷ್ಟು ಭಾಗ ಎಲ್ಲೋ ಉದುರಿಹೋಗಿದೆ ಅಂದುಕೊಂಡೆ. ಅಷ್ಟರಲ್ಲಿ ನೀರು ಕುಡಿಯೋಕೆ ಎದ್ದ ಅಕ್ಕ ಬಂದು ಹೆಡ್‌ಫೋನಿನ ಒಂದು ಬದಿಯನ್ನು ತನ್ನ ಕಿವಿಗೆ ಇಟ್ಟುಕೊಂಡಳು. "ಇದೇನೇ, ಅರ್ಧಂಬರ್ಧ ಬಂದಿದೆ! ಡ್ರಮ್ಸೇ ಬಿಟ್ಟುಹೋಗಿದೆ ಕಣೇ" ಅಂದಳು. ಇಬ್ಬರೂ ಸೇರಿ ಅದನ್ನು ಡಿಲೀಟ್ ಮಾಡಿ, ಬೇರೆ ಕಡೆಯಿಂದ ಮತ್ತೆ ಹಾಕಿದೆವು. ಇನ್ನೊಂದು ಅರ್ಧ ಗಂಟೆ. ಅದೂ ಹಾಗೇ ಇತ್ತು. ಅಕ್ಕ ಆಕಳಿಸಿ ಮಲಗೋಕೆ ಹೋದಳು. ನಾನು ಸುಮ್ನೆ ಅದನ್ನೇ ಇನ್ನೊಂದು ಸಲ ಹಾಕಿದೆ, ಆಮೇಲೆ ಮತ್ತೊಂದು ಸಲ. ನಾಲ್ಕನೇ ಸಲಕ್ಕೆ ಏನೂ ಬಿಟ್ಟುಹೋಗಿಲ್ಲ ಅಂತ ಅರ್ಥವಾಯಿತು. ಹಾಡು ಇರೋದೇ ಇಷ್ಟು.

ಆಲ್ಬಮ್ ಪೂರ್ತಿ ಸೇರಿಸೋಕೆ ಎಷ್ಟೋ ರಾತ್ರಿ ಹಿಡಿಯಿತು. ಒಟ್ಟು 15 ಹಾಡು, ಎಲ್ಲ ಸೇರಿದರೂ 40 ನಿಮಿಷ ಇಲ್ಲ. ಒಂದೊಂದಾಗಿ ಸಿಕ್ಕಿದ್ದು ಒಳ್ಳೆಯದೇ ಆಯಿತು. ದಿನಕ್ಕೊಂದು ಹಾಡು ಅಂದರೆ ದಿನವಿಡೀ ಅದೊಂದೇ ಹಾಡು, ಅಲ್ವಾ?

ಈಗ ಬ್ಯಾಂಡಿನ ಬಗ್ಗೆ ಸ್ವಲ್ಪ ಹೇಳಬೇಕು. ಸ್ಟುವರ್ಟ್ ಮಾಕ್ಸಮ್ ಗಿಟಾರ್ ಮತ್ತು ಆರ್ಗನ್. ಅವನ ಒಡಹುಟ್ಟಿದ ಫಿಲಿಪ್ ಬಾಸ್. ಅಲಿಸನ್ ಸ್ಟಾಟನ್ ಹಾಡುವವಳು. ಮೂವರೂ ಮೊದಲು ಟ್ರೂ ವೀಲ್ ಅನ್ನೋ ಬ್ಯಾಂಡಿನಲ್ಲಿ ಬೇರೆಯವರ ಹಾಡು ನುಡಿಸುತ್ತಿದ್ದರು. ಹೊಸ ಬ್ಯಾಂಡ್ ಕಟ್ಟಿದಾಗ ಡ್ರಮ್ಸ್ ಬಾರಿಸುವವರು ಬೇಡ ಅಂತ ತೀರ್ಮಾನಿಸಿದರು. ಅದರ ಬದಲು ನೆಂಟರ ಹುಡುಗನೊಬ್ಬ ಮನೆಯಲ್ಲೇ ಜೋಡಿಸಿದ ಡ್ರಮ್ ಮೆಷಿನ್. ಅದರ ತಾಳವನ್ನು ಕ್ಯಾಸೆಟ್‌ಗೆ ಇಳಿಸಿಕೊಂಡು, ಸ್ಟೇಜ್ ಮೇಲೆ ಕ್ಯಾಸೆಟ್ ಹಾಕಿ ಅದರ ಜೊತೆಗೆ ನುಡಿಸುತ್ತಿದ್ದರು. ಆ ಮೆಷಿನ್ ಸದ್ದು ಡ್ರಮ್ಸ್ ಥರ ಇಲ್ಲವೇ ಇಲ್ಲ. ಪಕ್ಕದ ಕೋಣೆಯ ಗಡಿಯಾರದ ಥರ ಇದೆ.

1979ರಲ್ಲಿ ಕಾರ್ಡಿಫ್‌ನ ಬ್ಯಾಂಡುಗಳನ್ನೆಲ್ಲ ಸೇರಿಸಿ 'ಈಸ್ ದ ವಾರ್ ಓವರ್?' ಅಂತ ಒಂದು ರೆಕಾರ್ಡ್ ಬಂತು. ಅದರಲ್ಲಿ ಇವರ ಹಾಡೂ ಇತ್ತು. ಲಂಡನ್‌ನ ರಫ್ ಟ್ರೇಡ್ ಅನ್ನೋ ರೆಕಾರ್ಡ್ ಕಂಪನಿಯವರು ಅದನ್ನು ಕೇಳಿ, ನಮಗೊಂದು ಆಲ್ಬಮ್ ಮಾಡಿಕೊಡಿ ಅಂದರು. ವೇಲ್ಸ್‌ನ ಹಳ್ಳಿಗಾಡಿನ ಫೋಯಲ್ ಸ್ಟುಡಿಯೋದಲ್ಲಿ ಐದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿದರು. 1980ರ ಶುರುವಿನಲ್ಲಿ 'ಕಲೋಸಲ್ ಯೂತ್' ಬಿಡುಗಡೆಯಾಯಿತು.

ಆ ಹೊತ್ತಿನ ಉಳಿದ ರೆಕಾರ್ಡುಗಳನ್ನು ನೆನಪು ಮಾಡಿಕೊಳ್ಳಿ. ಗ್ಯಾಂಗ್ ಆಫ್ ಫೋರ್ ಬ್ಯಾಂಡಿನ ಗಿಟಾರ್ ಗಾಜಿನ ಚೂರಿನ ಹಾಗೆ ಕೊಯ್ಯುತ್ತೆ. 1979ರ ಕೊನೆಗೆ ಬಂದ ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡಿನ 'ಮೆಟಲ್ ಬಾಕ್ಸ್' ನಿಜವಾಗಿಯೂ ಲೋಹದ ಡಬ್ಬಿಯಲ್ಲೇ ಬಂತು, ಸದ್ದೂ ಹಾಗೇ. ನಿಮ್ಮ ಜಾಯ್ ಡಿವಿಷನ್‌ನಲ್ಲೂ ಖಾಲಿ ಜಾಗ ಇದೆ. ಆದರೆ ಅದು ದೊಡ್ಡ ಹಾಲ್‌ನ ಖಾಲಿತನ, ಕೂಗಿದರೆ ಮಾರ್ದನಿ ಬರುತ್ತೆ. ಯಂಗ್ ಮಾರ್ಬಲ್ ಜೈಂಟ್ಸ್‌ನದು ಚಿಕ್ಕ ಕೋಣೆ. ಮಾರ್ದನಿಯೇ ಇಲ್ಲ. ಹಾಡುವವಳು ನಿಮ್ಮಿಂದ ಎರಡು ಅಡಿ ದೂರದಲ್ಲಿ ಕೂತಿದ್ದಾಳೆ.

ಅಲಿಸನ್ ದನಿ ಬಗ್ಗೆ ಹೇಳದಿದ್ದರೆ ನಾನು ಈ ಉತ್ತರ ಬರೆದೂ ಪ್ರಯೋಜನ ಇಲ್ಲ. ಅವಳು ಜನರಿಗೆ ಕೇಳಲಿ ಅಂತ ಹಾಡೋದಿಲ್ಲ. ಕೈಯಲ್ಲಿ ಏನೋ ಕೆಲಸ ಇದ್ದಾಗ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತೀವಲ್ಲ, ಹಾಗೆ. ದನಿ ಎಳೆಯೋದಿಲ್ಲ, ನಡುಗಿಸೋದಿಲ್ಲ. ಅಳುವ ಮಾತು ಬಂದರೂ ಅಳೋದಿಲ್ಲ. ನಾನು ಶಾಲೆಯಲ್ಲಿದ್ದಾಗ ಸಾಮೂಹಿಕ ಹಾಡಿನ ಗುಂಪಿನಲ್ಲಿದ್ದೆ. ಕಲಿಸುವವರು ಒಂದು ದಿನ ಎಲ್ಲರ ಮುಂದೆ, "ನಿನ್ನ ದನಿ ತೀರಾ ತೆಳು, ನೀನು ಬಾಯಿ ಆಡಿಸು ಸಾಕು, ಸದ್ದು ಬೇಡ" ಅಂದಿದ್ದರು. ಕಾರ್ಯಕ್ರಮದ ದಿನ ನಾನು ಹಾಗೇ ಮಾಡಿದೆ. ಎರಡನೇ ಸಾಲಲ್ಲಿ ನಿಂತು, ಇಡೀ ಹಾಡಿಗೆ ಬಾಯಿ ಮಾತ್ರ ಆಡಿಸಿದೆ. ಅಪ್ಪ ಅಮ್ಮ ಕೆಳಗೆ ಕೂತು ಚಪ್ಪಾಳೆ ತಟ್ಟಿದರು. ಅವರಿಗೆ ಇವತ್ತಿಗೂ ಇದು ಗೊತ್ತಿಲ್ಲ. ಅದಾದ ಮೇಲೆ ಬಚ್ಚಲುಮನೆಯಲ್ಲೂ ಹಾಡಿರಲಿಲ್ಲ ನಾನು.

ಅಂಥವಳ ಕಿವಿಗೆ ಈ ದನಿ ಬಿತ್ತು. ತೆಳು ದನಿ. ಮರೆಸೋಕೆ ಡ್ರಮ್ಸ್ ಇಲ್ಲ, ಜೊತೆಗೆ ಕೋರಸ್ ಇಲ್ಲ. ಇರೋದನ್ನು ಇರೋ ಹಾಗೇ ಎದುರಿಗಿಟ್ಟು ಹಾಡುತ್ತಾಳೆ. ಕರ್ಟ್ನಿ ಲವ್ ಅದೇ ಹಾಡನ್ನು ಕಿರುಚಿ ಹಾಡಿದಾಗ ಎಷ್ಟು ಧೈರ್ಯ ಅನ್ನಿಸಿತ್ತು. ಇದಕ್ಕೆ ಅದಕ್ಕಿಂತ ಜಾಸ್ತಿ ಧೈರ್ಯ ಬೇಕು ಅಂತ ಆ ವಾರ ಗೊತ್ತಾಯಿತು.

ಒಂದು ಹಾಡನ್ನು ಹತ್ತಿರದಿಂದ ತೋರಿಸುತ್ತೇನೆ. 'ಎನ್.ಐ.ಟಿ.ಎ.' ಅಂತ. ಇದರಲ್ಲಿ ಆರ್ಗನ್ ಬರುತ್ತೆ. ಬಿಟ್ಟುಹೋದವರು ಈಗ ಸುಖವಾಗಿದ್ದಾರೆ ಅನ್ನೋ ಸುದ್ದಿ ಬಂದಿದೆ. ಕೇಳಿ ಸಂತೋಷವೂ ಆಗುತ್ತೆ, ನೋವೂ ಆಗುತ್ತೆ. ಮಾತು ಇಷ್ಟೇ. ಬೇರೆ ಯಾರಾದರೂ ಇದನ್ನು ಹಾಡಿದ್ದರೆ ಸಂತೋಷ ಅಥವಾ ನೋವು, ಎರಡರಲ್ಲಿ ಒಂದರ ಕಡೆ ವಾಲುತ್ತಿದ್ದರು. ಅಲಿಸನ್ ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಬಿಟ್ಟುಬಿಡುತ್ತಾಳೆ. ಹದಿನಾರರಲ್ಲಿ ನನಗೆ ಬಿಟ್ಟುಹೋಗೋಕೆ ಯಾರೂ ಇರಲಿಲ್ಲ. ಆದರೂ ಆ ಹಾಡು ಕೇಳುವಾಗ ಮಂಚದ ಮೇಲೆ ಅಲುಗಾಡದೆ ಕೂತಿರುತ್ತಿದ್ದೆ, ಅಲುಗಾಡಿದರೆ ಹೆಡ್‌ಫೋನ್ ವೈರ್ ಬಟ್ಟೆಗೆ ಉಜ್ಜಿ ಆ ಸದ್ದು ಹಾಡಿಗಿಂತ ಜೋರಾಗಿ ಕೇಳುತ್ತಿತ್ತು.

ಗಿಟಾರ್ ಗುಟ್ಟು ಗೊತ್ತಾಗಿದ್ದು ಒಂದು ವರ್ಷದ ಮೇಲೆ, ಅಕ್ಕ ಗಿಟಾರ್ ಕಲಿಯೋಕೆ ಶುರು ಮಾಡಿದಾಗ. ಸ್ಟುವರ್ಟ್ ಬಲಗೈಯ ಅಂಚನ್ನು ತಂತಿಗಳ ಬುಡದಲ್ಲಿ, ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಹತ್ತಿರ, ಒತ್ತಿಟ್ಟುಕೊಂಡು ಮೀಟುತ್ತಾನೆ. ನೀವೂ ಮಾಡಿ ನೋಡಿ. ಕೈ ಒತ್ತದೆ ಮೀಟಿದರೆ ಸ್ವರ ಉದ್ದಕ್ಕೂ ರಿಂಗಣಿಸುತ್ತೆ. ಒತ್ತಿ ಮೀಟಿದರೆ 'ಟಕ್' ಅಂತ ಹುಟ್ಟಿ ಅಲ್ಲೇ ಸಾಯುತ್ತೆ. ಹಾಗೆ ಸತ್ತ ಮೇಲೆ ಮುಂದಿನ ಸ್ವರದ ತನಕ ಒಂದು ಸಣ್ಣ ಸಂದು ಉಳಿಯುತ್ತಲ್ಲ, ಆ ಸಂದಿನಲ್ಲಿ ಫಿಲಿಪ್‌ನ ಬಾಸ್ ಓಡಾಡುತ್ತೆ. ಬೇರೆ ಬ್ಯಾಂಡುಗಳಲ್ಲಿ ಗಿಟಾರ್ ರಾಗ ಹೇಳಿದರೆ ಬಾಸ್ ಕೆಳಗಿನಿಂದ ಹೊರುತ್ತೆ. ಇಲ್ಲಿ ಗಿಟಾರೇ ತಾಳ ಹಾಕುತ್ತೆ, ಬಾಸ್ ರಾಗ ಹೇಳುತ್ತೆ. ಡ್ರಮ್ಸ್ ಯಾಕೆ ಬೇಕಿರಲಿಲ್ಲ ಅಂತ ಆಗ ನನಗೆ ಗೊತ್ತಾಯಿತು. ಅಕ್ಕ ಟಕ್-ಟಕ್ ಅಂತ ಗಿಟಾರ್ ಒತ್ತುತ್ತಿದ್ದಳು, ನಾನು ಬಾಸ್ ಸಾಲನ್ನು ಬಾಯಲ್ಲಿ ಹಾಡುತ್ತಿದ್ದೆ. ಹೌದು, ಹಾಡುತ್ತಿದ್ದೆ. ನನಗೆ ಅರಿವಾಗೋ ಮೊದಲೇ ದನಿ ಆಚೆ ಬಂದಿತ್ತು. ಅಕ್ಕ ಏನೂ ಹೇಳಲಿಲ್ಲ, ಮುಂದಿನ ಸಾಲಿಗೆ ಹೋದಳು. ಅದಕ್ಕೆ ನಾನು ಅವಳಿಗೆ ಯಾವತ್ತೂ ಋಣಿ.

ಆಲ್ಬಮ್ ಮುಗಿದ ಮೇಲೆ 'ಫೈನಲ್ ಡೇ' ಅನ್ನೋ ಹಾಡನ್ನು ಬೇರೆಯಾಗಿ ಕೇಳಿ. ಅದು ಆಲ್ಬಮ್‌ನಲ್ಲಿಲ್ಲ, ಅದೇ 1980ರಲ್ಲಿ ಪ್ರತ್ಯೇಕವಾಗಿ ಬಂತು. ಎರಡು ನಿಮಿಷವೂ ಇಲ್ಲ. ಅಣುಯುದ್ಧ ಆಗಿ ಲೋಕ ಮುಗಿಯುವ ದಿನದ ಹಾಡು. ಆಗ ಬ್ರಿಟನ್‌ನಲ್ಲಿ ಆ ಭಯ ಕಥೆಯಾಗಿರಲಿಲ್ಲ. ಬಾಂಬ್ ಬಿದ್ದರೆ ಮನೆಯಲ್ಲಿ ಹೇಗೆ ಅಡಗಬೇಕು ಅಂತ ಸರ್ಕಾರವೇ ಅದೇ ವರ್ಷ 'ಪ್ರೊಟೆಕ್ಟ್ ಅಂಡ್ ಸರ್ವೈವ್' ಅನ್ನೋ ಕಿರುಪುಸ್ತಕ ತಂದಿತ್ತು. ಇಂಥ ವಿಷಯಕ್ಕೆ ಬೇರೆ ಬ್ಯಾಂಡ್ ಆಗಿದ್ದರೆ ಸೈರನ್ ಕೂಗಿಸುತ್ತಿತ್ತು. ಇವರು ಹಿಂದೆ ಒಂದು ಸಣ್ಣ ಸ್ವರವನ್ನು ಬಿಡದೆ ಹಿಡಿದಿದ್ದಾರೆ, ಸದ್ದಿಲ್ಲದ ಮನೆಯಲ್ಲಿ ಟಿವಿ ಕುಯ್ಯೆನ್ನುವ ಹಾಗೆ. ಅದರ ಮೇಲೆ ಅಲಿಸನ್, ಎಂದಿನ ಅದೇ ದನಿಯಲ್ಲಿ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ಹೆವಿ ಮೆಟಲ್ ಹಾಡೂ ನನ್ನನ್ನು ಹಾಗೆ ಹೆದರಿಸಿಲ್ಲ.

ಬ್ಯಾಂಡ್ ಒಡೆದ ಮೇಲೆ ಅಲಿಸನ್ ವೀಕೆಂಡ್ ಅನ್ನೋ ಬ್ಯಾಂಡ್ ಕಟ್ಟಿದಳು, ಸ್ಟುವರ್ಟ್ ದ ಜಿಸ್ಟ್ ಅಂತ ಮಾಡಿದ. ಎರಡೂ ಚೆನ್ನಾಗಿವೆ, ಆದರೆ ನಿಧಾನಕ್ಕೆ ಕೇಳಬಹುದು, ಅವಸರ ಇಲ್ಲ. 2007ರಲ್ಲಿ ಡೊಮಿನೋ ಅನ್ನೋ ರೆಕಾರ್ಡ್ ಕಂಪನಿಯವರು 'ಕಲೋಸಲ್ ಯೂತ್' ಮತ್ತೆ ತಂದಾಗ ನಾನೂ ಅಕ್ಕನೂ ಸೇರಿ ತರಿಸಿಕೊಂಡೆವು. ಮುಖಪುಟದ ಆ ಮೂರು ಮುಖಗಳನ್ನು, ಅರ್ಧ ಬೆಳಕು ಅರ್ಧ ಕತ್ತಲು, ಆವತ್ತು ಮೊದಲ ಸಲ ದೊಡ್ಡದಾಗಿ ನೋಡಿದೆ. ಅಷ್ಟು ವರ್ಷ ಕಂಪ್ಯೂಟರ್‌ನಲ್ಲಿ ಬೆರಳುಗುರಿನಷ್ಟು ಚಿತ್ರ ಮಾತ್ರ ಕಂಡಿತ್ತು.

ನೀವು ಇವರನ್ನು ಕೇಳುವುದಾದರೆ ಒಂದೇ ಕೋರಿಕೆ. ಜಾಯ್ ಡಿವಿಷನ್ ಕೇಳಿದ ತಕ್ಷಣ ಹಾಕಬೇಡಿ, ಪೇಲವ ಅನ್ನಿಸಿಬಿಡುತ್ತೆ. ರಾತ್ರಿ, ಫ್ಯಾನ್ ಸದ್ದೂ ಇಲ್ಲದ ಹೊತ್ತಲ್ಲಿ, 'ಸರ್ಚಿಂಗ್ ಫಾರ್ ಮಿಸ್ಟರ್ ರೈಟ್'ನಿಂದ ಶುರು ಮಾಡಿ ವರಸೆಯಾಗಿ ಕೇಳಿ. ಮೊದಲ ಸಲ ಏನೋ ಬಿಟ್ಟುಹೋಗಿದೆ ಅನ್ನಿಸುತ್ತೆ. ಆಗ ವಾಲ್ಯೂಮ್ ಜಾಸ್ತಿ ಮಾಡೋಕೆ ಹೋಗಬೇಡಿ, ಇನ್ನೂ ಒಂದು ಗೆರೆ ಇಳಿಸಿ.