ರ್ಯಾಂಪ್ ಇದ್ದರೂ ಬಾಗಿಲ ಹತ್ತಿರ ವೀಲ್‌ಚೇರ್ ಹಿಂದಕ್ಕೆ ಜಾರುತ್ತಿದ್ದರೆ

ಬಾಗಿಲ ಮುಂದೆ ಸಮತಟ್ಟು ಜಾಗ ಬಿಡದಿರುವುದೇ ಕಾರಣ ಇರಬೇಕು. ಬೇಸಿಗೆ ಶಿಬಿರದ ಕ್ಯಾಬಿನ್ ಬಾಗಿಲು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ, ಸ್ವಯಂಸೇವಕರು ಹಾಕಿದ ರ್ಯಾಂಪ್ 7.2 ಮೀಟರ್, ಆದರೂ ಬಾಗಿಲು ಎಳೆಯುವಾಗ ಮಕ್ಕಳು ಜಾರುತ್ತಾರೆ ಅಂದಿರಿ. ಅಂದರೆ ಇಳಿಜಾರು 1:12 (12 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಏರು), ಲೆಕ್ಕ ಸರಿಯಾಗೇ ಇದೆ. ಆದರೆ ಒಂದು ಕೈ ಬಾಗಿಲ ಮೇಲಿದ್ದರೆ ಇನ್ನೊಂದು ಕೈಗೆ ಸಿಗುವುದು ಒಂದೇ ಚಕ್ರ. ಕುರ್ಚಿ ಓರೆಯಾಗಿ ಹಿಂದೆ ಬರುತ್ತದೆ, ಅಲ್ವಾ?

ಮೊದಲು ಬಾಗಿಲಿಗೆ ತಾಗಿದಂತೆ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲದ ಸಮತಟ್ಟು ಕಟ್ಟೆ ಮಾಡಿ. ಬಾಗಿಲು ಹೊರಕ್ಕೆ ತೆರೆಯುವುದರಿಂದ ಹಿಡಿಕೆಯ ಪಕ್ಕ 45 ಸೆಂ.ಮೀ. ಖಾಲಿ ಇರಲಿ. ಆಮೇಲೆ ರ್ಯಾಂಪನ್ನು ಆ ಕಟ್ಟೆಯ ತುದಿಗೆ ಜರುಗಿಸಿ. ಜಾಗ ಸಾಲದಿದ್ದರೆ ಉದ್ದ ಕಡಿಮೆ ಮಾಡಬೇಡಿ. ನಡುವೆ ಇನ್ನೊಂದು ಅಷ್ಟೇ ದೊಡ್ಡ ಕಟ್ಟೆ ಕೊಟ್ಟು ತಿರುಗಿಸಿ.

ಹೇಗೂ ಬಿಚ್ಚುತ್ತೀರಿ, ಹಲಗೆಗಳು ಉದ್ದಕ್ಕಿದ್ದರೆ ಅಡ್ಡಕ್ಕೆ ಹಾಕಿ. ಮುಂದಿನ ಪುಟ್ಟ ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಹೊಸ್ತಿಲಿನ ಬಗ್ಗೆ ನೀವು ಹೇಳಿಲ್ಲ. 12 ಮಿ.ಮೀ.ಗಿಂತ ಜಾಸ್ತಿ ಎತ್ತರ ಇದ್ದರೆ ಅದೂ ತಡೆಯುತ್ತಿರಬಹುದು, ಅಳೆದು ನೋಡಿ.

ಸ್ಕ್ರೂ ಪೂರ್ತಿ ಬಿಗಿಯುವ ಮುಂಚೆ ದಿನಾ ವೀಲ್‌ಚೇರ್ ಬಳಸುವವರೊಬ್ಬರಿಂದ ಬಾಗಿಲು ತೆಗೆಸಿ. ಸ್ವಯಂಸೇವಕರೇ ಕೂತು ನೋಡಿದರೆ ಪ್ರಯೋಜನವಿಲ್ಲ, ಜಾರಿದ ಕೂಡಲೇ ಕಾಲು ಊರಿಬಿಡುತ್ತಾರೆ. ಕೆಲಸ ಮುಗಿಯುವ ತನಕ ಹಗಲು ಹೊತ್ತು ಬಾಗಿಲನ್ನು ಪೂರ್ತಿ ತೆಗೆದು ಕೊಕ್ಕೆ ಹಾಕಿಡಿ.