ಹಟ್ಟಿ ಮನೆ ಮಾರು ಅಂತಾನೆ ಮಗ

ಪ್ರಶ್ನೆ: ನನಗೆ 61 ವರ್ಷ. ನಮ್ಮವರು ಹಟ್ಟಿ ಚಿನ್ನದ ಗಣಿಯಲ್ಲಿದ್ದರು. ಕ್ವಾರ್ಟರ್ಸ್ ಬಿಡಬೇಕಾಗುತ್ತೆ ಅಂತ ಮೊದಲೇ ನನ್ನ ಹೆಸರಲ್ಲಿ ಸೈಟು ತಗೊಂಡು ಮನೆ ಕಟ್ಟಿದರು. ಶಾಬಾದ್ ಕಲ್ಲಿನ ನೆಲ, ಅಂಗಳದಲ್ಲಿ ಬೇವಿನ ಮರ. ಖರ್ಚೇ ಇಲ್ಲದ ಮನೆ. ಅವರು ತೀರಿಕೊಂಡು ಎರಡು ವರ್ಷ ಆಯಿತು. ಬೆಂಗಳೂರಲ್ಲಿರುವ ಮಗ ಫ್ಲ್ಯಾಟ್ ತಗೋಬೇಕಂತೆ. "ಅವ್ವಾ, ಗಣಿ ಮುಚ್ಚಿದರೆ ಯಾರೂ ಕೇಳಲ್ಲ, ಈಗಲೇ ಮಾರಿಬಿಡು" ಅಂತಾನೆ. ಮಗಳು ಬೇಡ ಅಂತಾಳೆ. ಏನು ಮಾಡಲಿ?

ಉತ್ತರ: ಅಕ್ಕಾ, ಮಗ ಏನಂದ, ಮಗಳು ಏನಂದಳು ಎಲ್ಲ ಬರೆದಿದ್ದೀರಿ. ನಿಮಗೇನು ಬೇಕು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಮೊದಲು ಆ ಗಣಿ ಮುಚ್ಚುವ ಭಯ. ಕೆಜಿಎಫ್ 2001ರ ಫೆಬ್ರವರಿಯಲ್ಲಿ ಮುಚ್ಚಿತು, ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚೇ ಜಾಸ್ತಿಯಾಗಿತ್ತು. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು, ಅದು ಕಾಡು ಉಳಿಸೋಕೆ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ಎರಡೂ ಕಡೆ ಜನ ಇದ್ದದ್ದು ಕಂಪನಿ ಮನೆಗಳಲ್ಲಿ, ಕೆಲಸದ ಜೊತೆ ಮನೆಯ ಆಸರೆಯೂ ಅಲುಗಾಡಿತು. ನಿಮ್ಮದು ಹಾಗಲ್ಲ, ಪತ್ರ ನಿಮ್ಮ ಟ್ರಂಕಿನಲ್ಲಿದೆ, ಹಟ್ಟಿಯಲ್ಲಿ ಗಣಿ ಇನ್ನೂ ನಡೀತಾ ಇದೆ. ಹಾಗಂತ ಮಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಒಂದೇ ಗಣಿ ನಂಬಿದ ಊರಲ್ಲಿ ಮನೆ ಕೊಳ್ಳುವವರೂ ಹೆಚ್ಚಾಗಿ ಗಣಿಯವರೇ, ಹತ್ತು ಹದಿನೈದು ವರ್ಷ ಸುಮ್ನೆ ಬೀಗ ಹಾಕಿ ಇಡುವ ಆಸ್ತಿ ಅಲ್ಲ ಅದು.

ಇನ್ನು ಹಕ್ಕಿನ ಮಾತು. ಮನೆ ನಿಮ್ಮ ಹೆಸರಲ್ಲಿದೆ, ನೀವಿರುವವರೆಗೆ ಮಗನಿಗೂ ಇಲ್ಲ, ಮಗಳಿಗೂ ಇಲ್ಲ. ಮಾರಿದರೂ ಆ ದುಡ್ಡಿನ ಫ್ಲ್ಯಾಟಿನ ಪತ್ರದಲ್ಲಿ ನಿಮ್ಮ ಹೆಸರು ಇರಲೇಬೇಕು. ಇದನ್ನು ಕೇಳೋಕೆ ನಾಚಿಕೆ ಬೇಡ. ಮಾರಿದ 2 ವರ್ಷದೊಳಗೆ ನಿಮ್ಮ ಹೆಸರಲ್ಲಿ ಬೇರೆ ಮನೆ ಕೊಂಡು ಲಾಭವನ್ನೆಲ್ಲ ಅದಕ್ಕೇ ಹಾಕಿದರೆ ತೆರಿಗೆಯೂ ಉಳಿಯುತ್ತೆ. ಮಗನಿಗೆ ಆ ಲೆಕ್ಕದಲ್ಲೇ ಹೇಳಿ, ಬೇಗ ಅರ್ಥ ಆಗುತ್ತೆ.

ಆದರೆ ಈಗಲೇ ಮಾರಬೇಡಿ. ಯುಗಾದಿ ಮುಗಿಸಿ ಬೆಂಗಳೂರಿಗೆ ಹೋಗಿ, ಹೇಗೂ ಆ ಬಿಸಿಲಲ್ಲಿ ಸಂಜೆ ಮಾಳಿಗೆಗೆ ನೀರು ಹೊಯ್ದರೂ ರಾತ್ರಿ ನಿದ್ದೆ ಬರಲ್ಲ ಅಲ್ವಾ. ಗಣಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಯಾವುದಾದರೂ ಸಂಸಾರಕ್ಕೆ 11 ತಿಂಗಳ ಕರಾರು ಬರೆಸಿ ಬಾಡಿಗೆಗೆ ಕೊಡಿ, ಒಂದು ಕೋಣೆ ಮಾತ್ರ ನಿಮ್ಮ ಬೀಗದಲ್ಲಿರಲಿ. ಅಲ್ಲಿ ಮೂರನೇ ಮಹಡಿಯಲ್ಲಿ, ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ, ಮಧ್ಯಾಹ್ನ ಹೇಗೆ ಕಳೆಯುತ್ತೆ ನೋಡಿ. ಹಿಡಿಸಿದರೆ ಧೈರ್ಯವಾಗಿ ಮಾರಿ. ಇಲ್ಲವಾದರೆ ಬೇವಿನ ಎಲೆ ಗುಡಿಸೋಕೆ ವಾಪಸ್ ಬನ್ನಿ. ಹೋಗುವ ಮೊದಲು ಇ-ಖಾತಾ, ಅಂದರೆ ಮನೆಯ ಕಂಪ್ಯೂಟರ್ ಖಾತೆ, ಒಂದು ಮಾಡಿಸಿಡಿ, ಅದಿಲ್ಲದೆ ಈಗ ಮಾರಾಟದ ನೋಂದಣಿ ಆಗಲ್ಲ.

ಮಗ ಅವಸರ ಮಾಡಿದರೆ, ದಸರಾಕ್ಕೆ ಇಬ್ಬರೂ ಊರಿಗೆ ಬನ್ನಿ, ಬನ್ನಿ ಕೊಟ್ಟು ಬಂಗಾರದ ಹಂಗೆ ಇರೋಣ ಅಂದ ಮೇಲೆ ಕೂತು ಮಾತಾಡೋಣ ಅನ್ನಿ.