ಸ್ವಂತ ಸೇನೆಯಿದ್ದೂ ಕುರ್ದಿಸ್ತಾನಕ್ಕೆ ರಕ್ಷಣೆ ಏಕಿಲ್ಲ?

ಪ್ರಶ್ನೆ: ನನ್ನ ಅಣ್ಣನ ಮಗ ಇರಾಕಿನ ಎರ್ಬಿಲ್ ನಗರದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಉತ್ತರ ಇರಾಕಿನಲ್ಲಿರುವ ಕುರ್ದ್ ಜನರ ಪ್ರಾಂತ್ಯವಾದ ಕುರ್ದಿಸ್ತಾನಕ್ಕೆ ತನ್ನದೇ ಸಂಸತ್ತು, ತನ್ನದೇ ಸೇನೆ ಇದೆ ಎನ್ನುತ್ತಾನೆ. ಹಾಗಿದ್ದರೂ ಇರಾನ್ ಮತ್ತು ಟರ್ಕಿ ಅಲ್ಲಿ ದಾಳಿ ನಡೆಸುವುದು ಹೇಗೆ ಸಾಧ್ಯ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪೆಶ್ಮೆರ್ಗಾ ಎಂಬ ಅಲ್ಲಿನ ಸೇನೆ ನೆಲವನ್ನು ಕಾಯಬಲ್ಲದು, ಆಕಾಶವನ್ನು ಕಾಯುವ ಸಾಧನ ಅದರ ಬಳಿ ಇಲ್ಲ. 2005ರ ಇರಾಕ್ ಸಂವಿಧಾನವು ಕುರ್ದಿಸ್ತಾನದ ಸ್ವಾಯತ್ತತೆಯನ್ನು ಒಪ್ಪಿ, ಪ್ರಾಂತ್ಯವು ತನ್ನ ಕಾವಲುಪಡೆಯನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿತಾದರೂ ವಿದೇಶಾಂಗ ನೀತಿ ಮತ್ತು ರಾಷ್ಟ್ರೀಯ ಭದ್ರತೆಯನ್ನು ಬಾಗ್ದಾದಿನ ಕೇಂದ್ರ ಸರ್ಕಾರದ ಕೈಯಲ್ಲೇ ಉಳಿಸಿತು. 2022ರ ಮಾರ್ಚ್ ಮತ್ತು 2024ರ ಜನವರಿಯಲ್ಲಿ ಇರಾನ್ ಎರ್ಬಿಲ್ ಮೇಲೆ ಕ್ಷಿಪಣಿ ಹಾರಿಸಿ, ಅಲ್ಲಿ ಇಸ್ರೇಲಿನ ಬೇಹುಗಾರಿಕಾ ನೆಲೆಯಿತ್ತೆಂದು ಹೇಳಿಕೊಂಡಿತು. ಇರಾಕ್ ಅದನ್ನು ಅಲ್ಲಗಳೆಯಿತು, ಆದರೆ ತಡೆಯಲಾಗಲಿಲ್ಲ. ಟರ್ಕಿಯ ಜಗಳ ಇದ್ದದ್ದು ಕಂದೀಲ್ ಬೆಟ್ಟಗಳಲ್ಲಿ ನೆಲೆಯೂರಿ ತನ್ನ ವಿರುದ್ಧ ಸಶಸ್ತ್ರ ಹೋರಾಟ ನಡೆಸಿದ ಕುರ್ದಿಸ್ತಾನ ಕಾರ್ಮಿಕರ ಪಕ್ಷದೊಡನೆ. ಆ ನೆಪದಲ್ಲಿ ಟರ್ಕಿ ವರ್ಷಗಳಿಂದ ಇರಾಕಿನ ಗಡಿಯೊಳಗೆ ಸೇನಾ ಶಿಬಿರಗಳನ್ನು ಹೂಡಿಕೊಂಡಿದೆ. 2024ರ ಏಪ್ರಿಲ್‌ನಲ್ಲಿ ಖೋರ್ ಮೋರ್ ಅನಿಲ ಕ್ಷೇತ್ರದ ಮೇಲೆ ನಡೆದ ಡ್ರೋನ್ ದಾಳಿಯಲ್ಲಿ ಯೆಮನ್‌ನಿಂದ ದುಡಿಯಲು ಬಂದಿದ್ದ ನಾಲ್ವರು ಪ್ರಾಣ ಕಳೆದುಕೊಂಡರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಈ ಸಾವು ಮುಂಬಯಿಯ ನಮ್ಮವರನ್ನು ತಟ್ಟದೇ ಇರದು.

ಆಯುಧದ ಕೊರತೆಗಿಂತ ದೊಡ್ಡದು ಒಳಗಿನ ಬಿರುಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರ್ಬಿಲ್ ಮತ್ತು ದುಹೋಕ್ ಬಾರ್ಜಾನಿ ಮನೆತನದ ಪಕ್ಷದ ಹಿಡಿತದಲ್ಲಿವೆ, ಸುಲೇಮಾನಿಯಾ ತಾಲಬಾನಿ ಮನೆತನದ ಪಕ್ಷದ್ದು. ಮೊದಲನೆಯದು ಟರ್ಕಿಗೆ ಹತ್ತಿರ, ಎರಡನೆಯದು ಇರಾನಿಗೆ ಹತ್ತಿರ. 1994ರಿಂದ 1998ರವರೆಗೆ ಇವೆರಡೂ ಪರಸ್ಪರ ಯುದ್ಧ ಮಾಡಿದವು. 1996ರಲ್ಲಿ ಎದುರಾಳಿಗಳನ್ನು ಎರ್ಬಿಲ್‌ನಿಂದ ಹೊರಹಾಕಲು ಬಾರ್ಜಾನಿ ಪಕ್ಷವು ಸದ್ದಾಂ ಹುಸೇನರ ಸೇನೆಯನ್ನೇ ಕರೆಸಿಕೊಂಡಿತು. 1988ರಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸುಮಾರು 5,000 ಕುರ್ದರನ್ನು ಕೊಂದ ಅದೇ ಸದ್ದಾಂ ಸೇನೆ ಅದು ಎಂಬುದನ್ನು ನೆನೆದರೆ ಆ ದ್ವೇಷದ ಆಳ ತಿಳಿಯುತ್ತದೆ. ಪೆಶ್ಮೆರ್ಗಾದ ದೊಡ್ಡ ಭಾಗ ದೀರ್ಘಕಾಲ 70 ಮತ್ತು 80 ಎಂಬ ಸಂಖ್ಯೆಗಳ ಪಡೆಗಳಾಗಿ ಎರಡು ಪಕ್ಷಗಳ ನಡುವೆ ಹಂಚಿಹೋಗಿತ್ತು. ಒಂದೇ ಸೇನಾಪತಿಯ ಮಾತು ಕೇಳದ ಸೇನೆಯನ್ನು ನೆರೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಪಕ್ಷ ಮುನಿಸಿಕೊಂಡರೆ ಇನ್ನೊಂದರ ಬಾಗಿಲು ತಟ್ಟುತ್ತಾರೆ.

ಹೊರಗಿನ ಆಸರೆಯನ್ನು ನಂಬಿ ಕುರ್ದರು ಕೆಟ್ಟದ್ದೂ ಇದೆ. ಇರಾನಿನ ದೊರೆ ಷಾ ಕೊಡುತ್ತಿದ್ದ ಬೆಂಬಲದಿಂದ ಬಾಗ್ದಾದಿನ ವಿರುದ್ಧ ಕಾದಾಡುತ್ತಿದ್ದ ಅವರ ಹೋರಾಟ, 1975ರ ಮಾರ್ಚಿನಲ್ಲಿ ಇರಾನ್ ಮತ್ತು ಇರಾಕ್ ಆಲ್ಜಿಯರ್ಸಿನಲ್ಲಿ ಒಪ್ಪಂದ ಮಾಡಿಕೊಂಡ ಕೆಲವೇ ವಾರಗಳಲ್ಲಿ ಕುಸಿದುಬಿತ್ತು.

ನಿಮ್ಮ ಅಣ್ಣನ ಮಗನ ವಿಷಯ: ಎರ್ಬಿಲ್‌ನಲ್ಲಿ 2016ರಿಂದ ಭಾರತದ ದೂತಾವಾಸ ಕಚೇರಿಯಿದೆ. ಅಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆಸಲಿ. ಪಾಸ್‌ಪೋರ್ಟನ್ನು ಮಾಲೀಕರ ಬಳಿ ಬಿಡದೆ ತನ್ನ ಬಳಿಯೇ ಇರಿಸಿಕೊಳ್ಳಲಿ.

ಪ್ರಶ್ನೆ: 2017ರ ಜನಮತಗಣನೆಯಲ್ಲಿ ಅಷ್ಟೊಂದು ಬಹುಮತ ಬಂದರೂ ಕುರ್ದರಿಗೆ ಸ್ವಾತಂತ್ರ್ಯ ಏಕೆ ಸಿಗಲಿಲ್ಲ?
– ಓದುಗರೊಬ್ಬರು, ಪುಣೆ

ಉತ್ತರ: ಶೇಕಡ 92ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು ನಿಜ, ಆದರೆ ಬಾಗ್ದಾದ್, ಟರ್ಕಿ, ಇರಾನ್ ಮೂವರೂ ವಿರೋಧಿಸಿದರು, ಅಮೆರಿಕವೂ ಬೇಡವೆಂದಿತ್ತು. ಮುಂದಿನ ತಿಂಗಳು ಇರಾಕಿ ಸೇನೆ ತೈಲಸಮೃದ್ಧ ಕಿರ್ಕುಕ್ ನಗರಕ್ಕೆ ನುಗ್ಗಿದಾಗ ತಾಲಬಾನಿ ಪಕ್ಷದ ಕೆಲವು ಪಡೆಗಳು ಕಾದಾಡದೆ ಹಿಂದೆ ಸರಿದವು. ಬಾಗ್ದಾದ್ ನಿಲ್ಲಿಸಿದ್ದ ಅಂತರರಾಷ್ಟ್ರೀಯ ವಿಮಾನಗಳು ಎರ್ಬಿಲ್ ಮತ್ತು ಸುಲೇಮಾನಿಯಾಗಳಲ್ಲಿ ಮತ್ತೆ ಇಳಿಯಲು 2018ರ ಮಾರ್ಚ್‌ವರೆಗೆ ಕಾಯಬೇಕಾಯಿತು.